ಕ್ವೆರಿ ಬೇಗ, ಅದೇ ಕ್ವೆರಿಯ ಪ್ರೊಸೀಜರ್ ನಿಧಾನ: ಕಾರಣ ಹುಡುಕುವುದು ಹೇಗೆ?

ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿರುವ ನಾವು ಲ್ಯಾಬ್‌ನಲ್ಲಿ ಸೆಲೆಕ್ಟ್, ವೇರ್, ಗ್ರೂಪ್ ಬೈ ಬರೆಯಲು ಕಲಿಯುತ್ತೇವೆ. ನಮ್ಮ ಟೇಬಲ್‌ನಲ್ಲಿ ಹತ್ತೋ ಹದಿನೈದೋ ಸಾಲುಗಳಿರುತ್ತವೆ, ಉತ್ತರ ತಕ್ಷಣ ಬರುತ್ತದೆ. ಆದರೆ ಸಗಟು ಅಂಗಡಿಯ ಟೇಬಲ್‌ನಲ್ಲಿ ಲಕ್ಷಗಟ್ಟಲೆ ಸಾಲುಗಳಿರುತ್ತವೆ. ಅಲ್ಲಿ ಒಂದು ವಿಚಿತ್ರ ತೊಂದರೆ ಬರುತ್ತದೆ. ಒಂದು ಕ್ವೆರಿಯನ್ನು ನೇರವಾಗಿ ಟೈಪ್ ಮಾಡಿ ಓಡಿಸಿದರೆ ಒಂದು ಸೆಕೆಂಡು ಸಾಕು. ಅದೇ ಕ್ವೆರಿಯನ್ನು ಸ್ಟೋರ್ಡ್ ಪ್ರೊಸೀಜರ್ ಒಳಗೆ ಇಟ್ಟು ಕರೆದರೆ ನಿಮಿಷಗಟ್ಟಲೆ ಕಾಯಬೇಕು.

ಇದು ಬರೀ ಕಂಪ್ಯೂಟರಿನವರ ತಲೆನೋವಲ್ಲ. ಪ್ರತಿ ತಿಂಗಳು ಜಿಎಸ್‌ಟಿಆರ್-1 ಸಲ್ಲಿಸುವ ವ್ಯಾಪಾರಿಗೆ ಮುಂದಿನ ತಿಂಗಳ 11ನೇ ತಾರೀಖು ಕೊನೆಯ ದಿನ. ರಂಜಾನಿನಲ್ಲಿ ಝಕಾತ್ ಲೆಕ್ಕ ಹಾಕುವವರಿಗೆ ಕೈಯಲ್ಲಿರುವ ನಗದು ಎಷ್ಟು, ಬರಬೇಕಾದ ಉದ್ರಿ ಎಷ್ಟು ಎಂಬ ಪಟ್ಟಿ ಬೇಕು. ಡಾಟ್‌ನೆಟ್‌ನಲ್ಲಿ ಬರೆದ ಪ್ರೋಗ್ರಾಂ ಒಂದು ಆದೇಶಕ್ಕೆ ಸಾಮಾನ್ಯವಾಗಿ 30 ಸೆಕೆಂಡು ಮಾತ್ರ ಕಾಯುತ್ತದೆ, ಆಮೇಲೆ 'ಟೈಮ್‌ಔಟ್' ಎಂದು ನಿಂತುಬಿಡುತ್ತದೆ. ಆಗ ಮಾಲೀಕರು ಹೊಸ ಸರ್ವರ್ ಕೊಳ್ಳಲು ಹೊರಡುತ್ತಾರೆ. ಕಾರಣ ಗೊತ್ತಿದ್ದರೆ ಆ ಖರ್ಚು ಬೇಕಾಗುವುದಿಲ್ಲ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ನೋಡೋಣ.

ಪ್ಲಾನ್ ಎಂದರೇನು?

ನಾವು ಕ್ವೆರಿಯಲ್ಲಿ ಏನು ಬೇಕು ಎಂದು ಮಾತ್ರ ಹೇಳುತ್ತೇವೆ. ಅದನ್ನು ಹೇಗೆ ತರಬೇಕು ಎಂದು ತೀರ್ಮಾನಿಸುವುದು ಆಪ್ಟಿಮೈಜರ್. ಅದು ತಯಾರಿಸುವ ದಾರಿಯೇ ಎಕ್ಸಿಕ್ಯೂಷನ್ ಪ್ಲಾನ್. ಪ್ಲಾನ್ ಮಾಡುವುದಕ್ಕೂ ಸಮಯ ಬೇಕು. ಆದ್ದರಿಂದ ಒಮ್ಮೆ ಮಾಡಿದ ಪ್ಲಾನನ್ನು ಸರ್ವರ್ ಮೆಮೊರಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತದೆ.

ಪ್ರೊಸೀಜರ್ ಬರೆದು ಉಳಿಸಿದಾಗಲೇ ಪ್ಲಾನ್ ತಯಾರಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮೊದಲ ಸಲ ಕರೆದಾಗ, ಆ ಸಲ ಕೊಟ್ಟ ಪ್ಯಾರಾಮೀಟರ್ ಬೆಲೆಯನ್ನು ನೋಡಿ ಪ್ಲಾನ್ ತಯಾರಾಗುತ್ತದೆ. ಇದಕ್ಕೆ ಪ್ಯಾರಾಮೀಟರ್ ಸ್ನಿಫಿಂಗ್ ಎನ್ನುತ್ತಾರೆ. ಬಹಳ ಸಲ ಇದರಿಂದ ಒಳ್ಳೆಯದೇ ಆಗುತ್ತದೆ. ಕೆಲವು ಸಲ ಮಾತ್ರ ಕೈಕೊಡುತ್ತದೆ.

ಲೆಕ್ಕ ಹಾಕಿ ನೋಡೋಣ

ಒಂದು ಬಟ್ಟೆ ಅಂಗಡಿ ಎಂದುಕೊಳ್ಳಿ. ಮಾರಾಟದ ಟೇಬಲ್‌ನಲ್ಲಿ 10 ಲಕ್ಷ ಸಾಲು, ಒಟ್ಟು 500 ಖಾತೆ. ಉದ್ರಿ ಗಿರಾಕಿಯೊಬ್ಬರ ಖಾತೆಯಲ್ಲಿ 40 ಸಾಲು ಇವೆ. 'ನಗದು ಮಾರಾಟ' ಎಂಬ ಒಂದೇ ಖಾತೆಯಲ್ಲಿ 6 ಲಕ್ಷ ಸಾಲು ಇವೆ. ಎಸ್‌ಕ್ಯೂಎಲ್ ಸರ್ವರ್ ಡೇಟಾವನ್ನು 8 ಕೆಬಿ ಪುಟಗಳಲ್ಲಿ ಇಡುತ್ತದೆ. ಒಂದು ಪುಟಕ್ಕೆ 50 ಸಾಲು ಹಿಡಿದರೆ ಟೇಬಲ್‌ಗೆ 20,000 ಪುಟ ಬೇಕು.

ಖಾತೆ ಸಂಖ್ಯೆಯ ಮೇಲೆ ಇಂಡೆಕ್ಸ್ ಇದೆ. ಈಗ ಎರಡು ದಾರಿಗಳಿವೆ. ಒಂದು, ಇಂಡೆಕ್ಸ್ ನೋಡಿ ಒಂದೊಂದು ಸಾಲಿಗೂ ಟೇಬಲ್‌ಗೆ ಹೋಗಿ ತರುವುದು. ಪ್ರತಿ ಸಾಲಿಗೆ 3 ಪುಟ ಓದಬೇಕು ಎಂದಿಟ್ಟುಕೊಳ್ಳೋಣ. ಎರಡು, ಇಂಡೆಕ್ಸ್ ಬಿಟ್ಟು ಇಡೀ ಟೇಬಲ್ ಓದುವುದು, ಅಂದರೆ 20,000 ಪುಟ.

ಉದ್ರಿ ಗಿರಾಕಿಗೆ ಮೊದಲ ದಾರಿಯಲ್ಲಿ 40 × 3 = 120 ಪುಟ. ಇದೇ ಸರಿ. ನಗದು ಖಾತೆಗೆ ಮೊದಲ ದಾರಿಯಲ್ಲಿ ಹೋದರೆ 6 ಲಕ್ಷ × 3 = 18 ಲಕ್ಷ ಪುಟ, ಇಡೀ ಟೇಬಲ್ ಓದುವುದಕ್ಕಿಂತ 90 ಪಟ್ಟು ಹೆಚ್ಚು.

ಬೆಳಿಗ್ಗೆ ಮೊದಲು ಉದ್ರಿ ಗಿರಾಕಿಯ ಸ್ಟೇಟ್‌ಮೆಂಟ್ ತೆಗೆದರೆ ಮೊದಲ ದಾರಿಯ ಪ್ಲಾನ್ ಮೆಮೊರಿಯಲ್ಲಿ ಕೂರುತ್ತದೆ. ಆಮೇಲೆ ನಗದು ಖಾತೆ ಕೇಳಿದವರಿಗೆ ಅದೇ ಪ್ಲಾನ್, 18 ಲಕ್ಷ ಪುಟ! ನೇರವಾಗಿ ಖಾತೆ ಸಂಖ್ಯೆ ಬರೆದು ಓಡಿಸಿದ ಇಂಥ ಕ್ವೆರಿಗೆ ಆ ಸಂಖ್ಯೆ ನೋಡಿಯೇ ಬೇರೆ ಪ್ಲಾನ್ ತಯಾರಾಗುತ್ತದೆ. ಅದಕ್ಕೇ ಅದು ಬೇಗ ಮುಗಿಯುತ್ತದೆ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಹಳೆಯ ಪ್ಲಾನ್ ಅಳಿಸಿಹೋಗುತ್ತದೆ, ಎಲ್ಲ ಸರಿಹೋದಂತೆ ಕಾಣುತ್ತದೆ. ಮುಂದೊಂದು ದಿನ ಮೊದಲ ಕರೆ ಉದ್ರಿ ಖಾತೆಯದಾದರೆ ಮತ್ತೆ ಅದೇ ಕಥೆ.

ಪತ್ತೆ ಹಚ್ಚುವ ಕ್ರಮ

1. ಹೋಲಿಕೆ ಸರಿಯಾಗಿರಲಿ. ಎರಡಕ್ಕೂ ಒಂದೇ ಡೇಟಾಬೇಸ್, ಒಂದೇ ಖಾತೆ ಸಂಖ್ಯೆ ಕೊಡಿ. ಮೊದಲ ಸಲ ಡಿಸ್ಕ್‌ನಿಂದ ಓದಿದ ಪುಟಗಳು ಎರಡನೇ ಸಲ ಮೆಮೊರಿಯಲ್ಲೇ ಇರುತ್ತವೆ. ಆದ್ದರಿಂದ ಎರಡೆರಡು ಸಲ ಓಡಿಸಿ. ಬರೀ ಗಡಿಯಾರ ನೋಡಬೇಡಿ. 'ಸೆಟ್ ಸ್ಟ್ಯಾಟಿಸ್ಟಿಕ್ಸ್ ಐಓ ಆನ್' ಎಂದು ಕೊಟ್ಟರೆ ಎಷ್ಟು ಪುಟ ಓದಿತು ಎಂದು ತಿಳಿಯುತ್ತದೆ.

2. ಕೆಲಸ ಮಾಡುತ್ತಿದೆಯೋ, ಕಾಯುತ್ತಿದೆಯೋ ನೋಡಿ. 'ಸೆಟ್ ಸ್ಟ್ಯಾಟಿಸ್ಟಿಕ್ಸ್ ಟೈಮ್ ಆನ್' ಸಿಪಿಯು ಸಮಯ ಮತ್ತು ಒಟ್ಟು ಸಮಯ ಎರಡನ್ನೂ ತೋರಿಸುತ್ತದೆ. ಒಟ್ಟು ಸಮಯ ಹೆಚ್ಚು, ಸಿಪಿಯು ಸಮಯ ಕಡಿಮೆ ಇದ್ದರೆ ಅದು ಇನ್ನೊಬ್ಬರ ಲಾಕ್‌ಗೋ ಡಿಸ್ಕ್‌ಗೋ ಕಾಯುತ್ತಿರಬಹುದು. ಆಗ ಪ್ಲಾನನ್ನು ದೂರಿ ಪ್ರಯೋಜನವಿಲ್ಲ.

3. ನಿಜವಾದ ಪ್ಲಾನ್ ತೆಗೆದು ನೋಡಿ. ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ 'ಆಕ್ಚುಯಲ್ ಎಕ್ಸಿಕ್ಯೂಷನ್ ಪ್ಲಾನ್' ಆಯ್ಕೆ ಇದೆ. ಅದರಲ್ಲಿ ಅಂದಾಜು ಸಾಲು ಮತ್ತು ನಿಜವಾದ ಸಾಲು ಹೋಲಿಸಿ. ಅಂದಾಜು 40, ನಿಜ 6 ಲಕ್ಷ ಎಂದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಎಡತುದಿಯ ಸೆಲೆಕ್ಟ್ ಚಿತ್ರದ ಪ್ರಾಪರ್ಟೀಸ್‌ನಲ್ಲಿ, ಪ್ಲಾನ್ ಮಾಡುವಾಗ ಇದ್ದ ಪ್ಯಾರಾಮೀಟರ್ ಬೆಲೆ ಮತ್ತು ಈಗಿನ ಬೆಲೆ ಎರಡೂ ಸಿಗುತ್ತವೆ. ಅವು ಬೇರೆ ಬೇರೆ ಇದ್ದು ಅಂದಾಜೂ ತಪ್ಪಿದ್ದರೆ ಸ್ನಿಫಿಂಗ್ ಎಂದು ಹೇಳಬಹುದು.

4. ಸೆಟ್ಟಿಂಗ್ ಗಮನಿಸಿ. ಪ್ರೋಗ್ರಾಂನಿಂದ ನಿಧಾನವಾದ ಪ್ರೊಸೀಜರ್ ಸ್ಟುಡಿಯೋದಲ್ಲಿ ಬೇಗ ಓಡಬಹುದು. ಸ್ಟುಡಿಯೋದಲ್ಲಿ 'ಅರಿತ್‌ಅಬಾರ್ಟ್' ಆನ್ ಇರುತ್ತದೆ, ಹೆಚ್ಚಿನ ಪ್ರೋಗ್ರಾಂಗಳಲ್ಲಿ ಆಫ್ ಇರುತ್ತದೆ. ಸೆಟ್ಟಿಂಗ್ ಬೇರೆಯಾದರೆ ಮೆಮೊರಿಯಲ್ಲಿರುವ ಪ್ಲಾನ್ ಕೂಡ ಬೇರೆ. ಪ್ರೋಗ್ರಾಂಗೆ ಸಿಗುವ ಪ್ಲಾನನ್ನೇ ನೋಡಬೇಕಾದರೆ ಸ್ಟುಡಿಯೋದಲ್ಲೂ ಅದನ್ನು ಆಫ್ ಮಾಡಿ ಓಡಿಸಿ.

5. ಪ್ಯಾರಾಮೀಟರ್ ಬದಲು ಲೋಕಲ್ ವೇರಿಯಬಲ್ ಹಾಕಿ ಪರೀಕ್ಷೆ ಮಾಡಬೇಡಿ. ಅದರ ಬೆಲೆ ಆಪ್ಟಿಮೈಜರ್‌ಗೆ ಮೊದಲೇ ತಿಳಿಯದು. ಅದು 10 ಲಕ್ಷ ÷ 500 = 2,000 ಎಂದು ಸರಾಸರಿ ಹಿಡಿಯುತ್ತದೆ. ಒಂದು ಬೆಲೆ ವಿಪರೀತ ದೊಡ್ಡದಿದ್ದರೆ ಸರಾಸರಿ ದಾರಿ ತಪ್ಪಿಸುತ್ತದೆ ಎಂದು ಸಂಖ್ಯಾಶಾಸ್ತ್ರದಲ್ಲಿ ಓದಿದ್ದೇವಲ್ಲ, ಇಲ್ಲೂ ಹಾಗೆಯೇ. 2,000 ಎಂಬುದು ಉದ್ರಿ ಗಿರಾಕಿಗೂ ಹೊಂದುವುದಿಲ್ಲ, ನಗದು ಖಾತೆಗೂ ಹೊಂದುವುದಿಲ್ಲ.

6. ಡೇಟಾ ಟೈಪ್ ನೋಡಿ. ಕಾಲಂ ವಾರ್‌ಚಾರ್, ಪ್ಯಾರಾಮೀಟರ್ ಎನ್‌ವಾರ್‌ಚಾರ್ ಆಗಿದ್ದರೆ ಕಾಲಂನ ಬೆಲೆಗಳನ್ನೇ ಬದಲಿಸಿ ಹೋಲಿಸಬೇಕಾಗುತ್ತದೆ. ಆಗ ಇಂಡೆಕ್ಸ್ ಇದ್ದೂ ಉಪಯೋಗಕ್ಕೆ ಬಾರದಿರಬಹುದು. ಟೇಬಲ್‌ನ ಸ್ಟ್ಯಾಟಿಸ್ಟಿಕ್ಸ್ ಹಳೆಯದಾಗಿದ್ದರೂ ಅಂದಾಜು ಕೆಡುತ್ತದೆ.

ಪರಿಹಾರ ಯಾವುದು?

ತಿಂಗಳಿಗೆ ಕೆಲವೇ ಸಲ ಓಡುವ ವರದಿಗೆ ಕ್ವೆರಿಯ ಕೊನೆಯಲ್ಲಿ 'ಆಪ್ಷನ್ ರೀಕಂಪೈಲ್' ಹಾಕಬಹುದು. ಪ್ರತಿ ಸಲ ಹೊಸ ಪ್ಲಾನ್ ಆಗುತ್ತದೆ. ಆದರೆ ಕೌಂಟರ್‌ನಲ್ಲಿ ನಿಮಿಷಕ್ಕೆ ನೂರಾರು ಸಲ ಓಡುವ ಕ್ವೆರಿಗೆ ಇದು ಬೇಡ, ಸಿಪಿಯು ಮೇಲೆ ಹೊರೆ ಬೀಳುತ್ತದೆ.

ನಗದು ಖಾತೆಗೆ ಒಂದು, ಉಳಿದವಕ್ಕೆ ಒಂದು ಎಂದು ಎರಡು ಪ್ರೊಸೀಜರ್ ಮಾಡಿ, ಮೂರನೆಯದರಿಂದ ಬೇಕಾದದ್ದನ್ನು ಕರೆಯಬಹುದು. ಒಂದೇ ಪ್ರೊಸೀಜರ್ ಒಳಗೆ 'ಇಫ್' ಹಾಕಿದರೆ ಸಾಲದು. ಮೊದಲ ಕರೆಯ ಬೆಲೆಯಿಂದಲೇ ಎರಡೂ ಕವಲುಗಳಿಗೆ ಪ್ಲಾನ್ ಆಗಿಬಿಡುತ್ತದೆ.

ವರದಿಗೆ ದಿನಾಂಕ ಮತ್ತು ಮೊತ್ತ ಮಾತ್ರ ಬೇಕಿದ್ದರೆ, ಅವೆರಡನ್ನೂ ಇಂಡೆಕ್ಸ್‌ನಲ್ಲೇ ಸೇರಿಸುವುದು ಇನ್ನೂ ಒಳ್ಳೆಯದು. ಆಗ ಟೇಬಲ್‌ಗೆ ಹೋಗುವ ಕೆಲಸವೇ ಇಲ್ಲ. ಇಂಡೆಕ್ಸ್ ಪುಟಕ್ಕೆ 200 ಸಾಲು ಹಿಡಿದರೂ ನಗದು ಖಾತೆಗೆ 3,000 ಪುಟ ಸಾಕು. ಉದ್ರಿ ಗಿರಾಕಿಗೂ ಅದೇ ಪ್ಲಾನ್ ಸರಿಹೋಗುತ್ತದೆ. ಆದರೆ ಪ್ರತಿ ಹೊಸ ಬಿಲ್ ಬರೆಯುವಾಗ ಈ ಇಂಡೆಕ್ಸ್‌ನಲ್ಲೂ ಬರೆಯಬೇಕಾಗುತ್ತದೆ, ಆ ಖರ್ಚು ನೆನಪಿರಲಿ.

2016ರ ಆವೃತ್ತಿಯಿಂದ 'ಕ್ವೆರಿ ಸ್ಟೋರ್' ಇದೆ. ಹಳೆಯ ಪ್ಲಾನ್‌ಗಳನ್ನು ಅದರಲ್ಲಿ ನೋಡಿ ಒಳ್ಳೆಯದನ್ನೇ ಬಳಸುವಂತೆ ಹೇಳಬಹುದು. 2022ರ ಆವೃತ್ತಿಯಲ್ಲಿ ಕೆಲವು ಕ್ವೆರಿಗಳಿಗೆ ಪ್ಯಾರಾಮೀಟರ್ ನೋಡಿ ಒಂದಕ್ಕಿಂತ ಹೆಚ್ಚು ಪ್ಲಾನ್ ಇಟ್ಟುಕೊಳ್ಳುವ ಸೌಲಭ್ಯವೂ ಬಂದಿದೆ.

ಮಾಡಿ ನೋಡಿ

ಎಸ್‌ಕ್ಯೂಎಲ್ ಸರ್ವರ್‌ನ ಎಕ್ಸ್‌ಪ್ರೆಸ್ ಆವೃತ್ತಿ ಉಚಿತವಾಗಿ ಸಿಗುತ್ತದೆ. ಒಂದು ಲಕ್ಷ ಸಾಲಿನ ಟೇಬಲ್ ಮಾಡಿ, 60,000 ಸಾಲಿಗೆ ಒಂದೇ ಖಾತೆ ಸಂಖ್ಯೆ ಕೊಡಿ, ಉಳಿದವನ್ನು ಸಾವಿರ ಖಾತೆಗಳಿಗೆ ಹಂಚಿ. ಖಾತೆ ಸಂಖ್ಯೆಯ ಮೇಲೆ ಇಂಡೆಕ್ಸ್ ಮಾಡಿ. ಪ್ರೊಸೀಜರ್ ಅನ್ನು ಮೊದಲು ಸಣ್ಣ ಖಾತೆಗೆ, ನಂತರ ದೊಡ್ಡ ಖಾತೆಗೆ ಓಡಿಸಿ, ಓದಿದ ಪುಟಗಳ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ 'ಎಸ್‌ಪಿ ರೀಕಂಪೈಲ್' ಕೊಟ್ಟು ಹಳೆಯ ಪ್ಲಾನ್ ತೆಗೆದುಹಾಕಿ, ಕ್ರಮ ತಿರುಗಿಸಿ ಓಡಿಸಿ. ಎರಡು ಸಲದ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದರೆ ಈ ಪಾಠ ಪೂರ್ತಿ ಅರ್ಥವಾಗುತ್ತದೆ.