ಮೊಲದ ತೂಕ: ರವಿವಾರದ ರೀಡಿಂಗ್ ಸಾಕಾಗಲಿಲ್ಲ

ಮೊದಲನೇ ವರ್ಷದ ಫಿಸಿಕ್ಸ್ ಲ್ಯಾಬ್‌ನಲ್ಲಿ ಲೀಸ್ಟ್ ಕೌಂಟ್, ಎರರ್ ಅಂತ ರೆಕಾರ್ಡ್ ಬುಕ್ ತುಂಬಿಸುವಾಗ ಇದೆಲ್ಲ ಯಾವ ಕೆಲಸಕ್ಕೆ ಬರುತ್ತೆ ಅಂತ ನಾವೂ ಗೊಣಗಿದವರೇ. ಕೊನೆಗೆ ಅದು ಕೆಲಸಕ್ಕೆ ಬಂದದ್ದು ಒಂದು ಮೊಲದಿಂದ. ಬಂದದ್ದು ಸ್ವಲ್ಪ ತಡವಾಗಿ ಅನ್ನೋದು ಬೇರೆ ಮಾತು.

ಮೊಲದ ಹೆಸರು ಚುರ್ಮುರಿ. ಬಿಳಿ ಬಣ್ಣ, ಕಂದು ಕಿವಿ, ವಯಸ್ಸು ಸುಮಾರು ಒಂದೂವರೆ ವರ್ಷ. ಅದು ಇರೋದು ಹುಮನಾಬಾದಿನ ಮನೆಯಲ್ಲಿ. ಈ ಲೇಖನದಲ್ಲಿ 'ನಾವು' ಅಂದ್ರೆ ಬಸವಕಲ್ಯಾಣದಲ್ಲಿ ಒಂದೇ ರೂಮಿನಲ್ಲಿರುವ ಮೂವರು, ಮತ್ತು ಆ ಮನೆಯಲ್ಲಿ ಮೊಲ ನೋಡಿಕೊಳ್ಳುವ, ಒಂಬತ್ತನೇ ಕ್ಲಾಸಿನ ತಂಗಿ. ಎರಡೂರಿನ ನಡುವೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಹಾಗಾಗಿ ಮೊಲ ತೂಗೋದು ರವಿವಾರ ಮಾತ್ರ, ನಾವು ಊರಿಗೆ ಹೋದಾಗ. ಅವ್ವ ಅಂತೂ ಇದನ್ನ ನೋಡಿ ಸುಮ್ಮನಿರಲಿಲ್ಲ: "ನೀವು ಮೆಸ್ಸಿನ ಊಟ ಮಾಡಿ ಎಷ್ಟ್ ಸೊರಗೀರಿ ಅಂತ ಯಾರೂ ತೂಗಲ್ಲ, ಮೊಲಕ್ಕ ಮಾತ್ರ ವಾರಾ ವಾರಾ ತಕ್ಕಡಿ!"

ಜನವರಿಯ ಕೊನೇ ರವಿವಾರ ಕಿರಾಣಿ ಅಂಗಡಿ ಕಾಕಾನ ಎಲೆಕ್ಟ್ರಾನಿಕ್ ಕಾಟಾದ ಮೇಲೆ ಇಟ್ಟಾಗ 1910 ಗ್ರಾಂ ಇತ್ತು. ಅದರ ಲೀಸ್ಟ್ ಕೌಂಟ್ 5 ಗ್ರಾಂ. ಆಮೇಲೆ ಪ್ರತಿ ವಾರ ಮೊಲ ಹೊತ್ತುಕೊಂಡು ಅಂಗಡಿಗೆ ಹೋಗೋಕೆ ಸಂಕೋಚ ಆಗಿ ಮನೆಯಲ್ಲಿದ್ದ, ಮನುಷ್ಯರ ತೂಕ ನೋಡುವ ಮಷೀನ್ ಹಿಡಿದೆವು. ತಂಗಿ ಮೊದಲು ಒಬ್ಬಳೇ ನಿಲ್ಲೋದು, ಆಮೇಲೆ ಮೊಲ ಎತ್ಕೊಂಡು ನಿಲ್ಲೋದು, ಒಂದರಿಂದ ಇನ್ನೊಂದು ಕಳೆಯೋದು. ಫೆಬ್ರವರಿ, ಮಾರ್ಚಿನ ರೀಡಿಂಗ್‌ಗಳು ಹೀಗಿದ್ದವು: 1.9, 1.8, 1.9, 1.8, 1.8 ಕೆಜಿ. ಆರಾಮಾಗಿದೆ ಅಂದುಕೊಂಡೆವು.

ಇಲ್ಲೇ ತಪ್ಪಿದ್ದು. ಆ ಮಷೀನ್ 100 ಗ್ರಾಂಗಿಂತ ಸಣ್ಣದನ್ನ ತೋರಿಸಲ್ಲ. ಅಂದರೆ ಪ್ರತಿ ರೀಡಿಂಗ್‌ನಲ್ಲೂ 50 ಗ್ರಾಂ ಹೆಚ್ಚು ಕಮ್ಮಿ. ಎರಡು ರೀಡಿಂಗ್ ಕಳೆದಾಗ ಎರರ್ ಕಳೆಯೋದಿಲ್ಲ, ಕೂಡುತ್ತೆ. ಕೆಟ್ಟ ಲೆಕ್ಕದಲ್ಲಿ 100 ಗ್ರಾಂ ಆಕಡೆ ಈಕಡೆ. 60 ಕೆಜಿ ಮನುಷ್ಯನಿಗೆ 100 ಗ್ರಾಂ ಏನೂ ಅಲ್ಲ, 1900 ಗ್ರಾಂ ಮೊಲಕ್ಕೆ ಅದು ಶೇ. 5ಕ್ಕಿಂತ ಜಾಸ್ತಿ. ಇದನ್ನ ನಾವು ವೈವಾದಲ್ಲಿ ಹೇಳಿ ಮಾರ್ಕ್ಸ್ ತಗೊಂಡಿದ್ದೇವೆ, ಮನೆಯಲ್ಲಿ ಮಾತ್ರ ನೆನಪಾಗಲಿಲ್ಲ.

ಏಪ್ರಿಲ್ ಎರಡನೇ ರವಿವಾರ ತಂಗಿ, "ಅಣ್ಣಾ, ಎತ್ತಿದ್ರೆ ಹಗುರ ಅನಿಸ್ತದ" ಅಂದಳು. ಮತ್ತೆ ಕಾಕಾನ ಕಾಟಾ. 1650 ಗ್ರಾಂ. 260 ಗ್ರಾಂ ಹೋಗಿದೆ, ಶೇ. 13.6. ನಮ್ಮಲ್ಲಿ 60 ಕೆಜಿ ಇರುವವರು ಎರಡೂವರೆ ತಿಂಗಳಲ್ಲಿ 8 ಕೆಜಿ ಇಳಿದರೆ ಮನೆಯವರು ಸುಮ್ಮನೆ ಬಿಡ್ತಾರಾ?

ಮೊಲ ತಂದ ಅಂಗಡಿಗೆ ಫೋನ್ ಮಾಡಿದರೆ, "ಬೇಸಿಗಿ ಅಲ್ರಿ, ಕಮ್ಮಿ ತಿಂತಾವ" ಅಂದರು. ನಂಬೋಕೆ ಸುಲಭವಾದ ಮಾತು. ನಮ್ಮ ಕಡೆ ಬೇಸಿಗೆ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಮೊಲ ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳಲ್ಲ, ಶಾಖ ಹೊರಹಾಕೋದು ಹೆಚ್ಚಾಗಿ ಕಿವಿಗಳಿಂದ. 30 ಡಿಗ್ರಿ ಮೇಲೆ ಹೋದರೆ ಅದಕ್ಕೆ ಕಷ್ಟ ಶುರು, 40ರ ಹತ್ತಿರ ಪ್ರಾಣಕ್ಕೇ ಅಪಾಯ. ಬಿಸಿಲಿಗೆ ಕಮ್ಮಿ ತಿನ್ನೋದೂ ನಿಜ. ಆದರೆ ಚುರ್ಮುರಿ ಕಮ್ಮಿ ತಿಂತಿರಲಿಲ್ಲ, ಚಪಾತಿ ಕೊಟ್ಟರೆ ಓಡಿ ಬರ್ತಿತ್ತು. ಹುಲ್ಲು ಮಾತ್ರ ಬಾಯಿಗೆ ತಗೊಂಡು ಬಿಟ್ಟುಬಿಡ್ತಿತ್ತು. ಹಟ ಅಂದುಕೊಂಡೆವು. ಗದ್ದದ ಕೆಳಗೆ ಕೂದಲು ಒದ್ದೆ ಇರ್ತಿತ್ತು. ನೀರು ಕುಡಿದಿರಬೇಕು ಅಂದುಕೊಂಡೆವು.

ಮುಂದಿನ ರವಿವಾರ ಡಾಕ್ಟರಿಗೆ ತೋರಿಸೋಣ ಅಂತ ಮಾತಾಗಿತ್ತು. ಮಂಗಳವಾರ ಬೆಳಿಗ್ಗೆ ತಂಗಿ ಒಂದು ಫೋಟೋ ಕಳಿಸಿದಳು. ದಿನಾ ಗೂಡು ಗುಡಿಸಿದರೆ ಮರದ ತುಂಬ ಹಿಕ್ಕೆ ಬರುತ್ತೆ, ಆವತ್ತು ಬಂದಿದ್ದು ಹತ್ತೋ ಹನ್ನೆರಡೋ, ಅದೂ ಸಾಸಿವೆಗಿಂತ ಸ್ವಲ್ಪ ದೊಡ್ಡವು. ನಮಗೆ ಇಂಟರ್ನಲ್ಸ್ ನಡೀತಿತ್ತು. "ರವಿವಾರ ನೋಡೋಣ" ಅಂತ ಟೈಪ್ ಮಾಡಿದೆವು. ಆ ಮೆಸೇಜ್ ಇನ್ನೂ ಇದೆ, ಡಿಲೀಟ್ ಮಾಡಿಲ್ಲ.

ಬುಧವಾರ ಬೆಳಿಗ್ಗೆ ಮೊಲ ಮೈ ಮುದುಡಿಕೊಂಡು ಮೂಲೆಯಲ್ಲಿ ಕೂತಿತ್ತು. ಚಪಾತಿಗೂ ಬರಲಿಲ್ಲ. ಪೇಪರ್ ಬಿಟ್ಟು ಒಬ್ಬರು ಬಸ್ ಹತ್ತಿದೆವು, ಹುಮನಾಬಾದಿನಿಂದ ಬೀದರಿಗೆ ಇನ್ನೂ ಐವತ್ತು ಕಿಲೋಮೀಟರ್ ಆಸುಪಾಸು. ಬಾಸ್ಕೆಟ್‌ನಲ್ಲಿ ಮೊಲ, ಪಕ್ಕದಲ್ಲಿ ಒದ್ದೆ ಟವೆಲ್ ಸುತ್ತಿದ ತಣ್ಣೀರು ಬಾಟಲಿ. ಡಾಕ್ಟರ ಮುಂದೆ ನಮ್ಮ ತೂಕದ ಪಟ್ಟಿ ತೆಗೆದೆವು. ಅವರು ಅದನ್ನ ಬದಿಗಿಟ್ಟು ಕೇಳಿದ್ದು ಒಂದೇ: "ಕೊನೇ ಸಲ ಹಿಕ್ಕಿ ಹಾಕಿದ್ದು ಯಾವಾಗ್ರಿ?" ನಮಗೆ ಗೊತ್ತಿರಲಿಲ್ಲ. ತಂಗಿಗೆ ಗೊತ್ತಿತ್ತು.

ಆ ಪ್ರಶ್ನೆ ಯಾಕೆ ಅನ್ನೋದು ಅರ್ಥ ಆಗಬೇಕಾದರೆ ಮೊಲದ ಹೊಟ್ಟೆ ಹೇಗೆ ಕೆಲಸ ಮಾಡುತ್ತೆ ನೋಡಬೇಕು. ಆಕಳು ಹುಲ್ಲನ್ನ ಮೊದಲು ಹೊಟ್ಟೆಯಲ್ಲಿ ಹುದುಗಿಸಿ ಮೆಲುಕು ಹಾಕುತ್ತೆ. ಮೊಲದ್ದು ಉಲ್ಟಾ, ಹುದುಗುವ ಕೆಲಸ ನಡೆಯೋದು ಹಿಂದೆ, ಸೀಕಮ್ ಅನ್ನೋ ಒಂದು ಕಡೆ ಮುಚ್ಚಿದ ಚೀಲದಂಥ ಕರುಳಿನಲ್ಲಿ. ಒರಟು ನಾರು ಅಲ್ಲಿಗೆ ಹೋಗದೆ ನೇರವಾಗಿ ಗುಂಡು ಹಿಕ್ಕೆಯಾಗಿ ಹೊರಗೆ ಬರುತ್ತೆ. ನುಣುಪಾದ ಭಾಗ ಸೀಕಮ್‌ನಲ್ಲಿ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ, ಪ್ರೋಟೀನ್ ಮತ್ತು ಬಿ ವಿಟಮಿನ್ ಇರುವ ಮೆತ್ತನೆಯ ಗೊಂಚಲಾಗಿ ಬರುತ್ತೆ. ಅದನ್ನ ಮೊಲ ಅಲ್ಲೇ ಬಾಯಿ ಹಾಕಿ ಮತ್ತೆ ತಿನ್ನುತ್ತೆ. ಅಸಹ್ಯ ಅನಿಸಬಹುದು, ಆದರೆ ಇದು ಅದರ ಮೆಲುಕು ಅಂತಲೇ ತಿಳ್ಕೊಳ್ಳಿ. ಆರೋಗ್ಯವಾಗಿರುವ ಮೊಲ ದಿನಕ್ಕೆ 200ರಿಂದ 300 ಗುಂಡು ಹಿಕ್ಕೆ ಹಾಕುತ್ತೆ.

ಈ ಇಡೀ ವ್ಯವಸ್ಥೆ ನಿಲ್ಲದೆ ಓಡುವ ಕನ್ವೇಯರ್ ಬೆಲ್ಟ್ ಇದ್ದ ಹಾಗೆ, ಅದನ್ನ ಓಡಿಸೋದು ನಾರು. ನಾರು ಕಮ್ಮಿಯಾದರೆ, ನೋವಾದರೆ, ಹೆದರಿದರೆ ಬೆಲ್ಟ್ ನಿಧಾನ ಆಗುತ್ತೆ. ಆಗ ಗ್ಯಾಸ್ ತುಂಬುತ್ತೆ, ನೋವಿಗೆ ಮೊಲ ತಿನ್ನೋದು ಬಿಡುತ್ತೆ, ತಿನ್ನದಿದ್ದಕ್ಕೆ ಬೆಲ್ಟ್ ಇನ್ನೂ ನಿಧಾನ. ಕಂಟ್ರೋಲ್ ಸಿಸ್ಟಮ್ ಓದುವವರಿಗೆ ಇದು ಯಾವ ಥರದ ಫೀಡ್‌ಬ್ಯಾಕ್ ಅಂತ ಹೇಳಬೇಕಿಲ್ಲ. ಮೊಲಕ್ಕೆ ವಾಂತಿ ಮಾಡೋಕೂ ಬರಲ್ಲ. ಅದಕ್ಕೇ ಹತ್ತು ಹನ್ನೆರಡು ತಾಸು ಏನೂ ತಿನ್ನದಿದ್ದರೆ ಎಮರ್ಜೆನ್ಸಿ ಅಂತ ಲೆಕ್ಕ. ನಮ್ಮ ಸ್ಯಾಂಪ್ಲಿಂಗ್ ಮಾತ್ರ ವಾರಕ್ಕೊಂದು! ಅರ್ಧ ದಿನದಲ್ಲಿ ಮುಗಿದುಹೋಗಬಹುದಾದ ಘಟನೆಯನ್ನ ಏಳು ದಿನಕ್ಕೊಮ್ಮೆ ನೋಡ್ತಿದ್ದೆವು. ಹಿಕ್ಕೆ ಮಂಗಳವಾರವೇ ಹೇಳಿತ್ತು.

ಮೂಲ ಕಾರಣ ಹೊಟ್ಟೆಯಲ್ಲಿರಲಿಲ್ಲ, ಹಲ್ಲಿನಲ್ಲಿತ್ತು. ಮೊಲದ 28 ಹಲ್ಲುಗಳೂ ಜೀವನಪೂರ್ತಿ ಬೆಳೀತಾನೇ ಇರ್ತವೆ, ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್, ಅಂದರೆ ವರ್ಷಕ್ಕೆ 10 ಸೆಂಟಿಮೀಟರ್. ಹುಲ್ಲನ್ನ ಅಡ್ಡಡ್ಡ ಅರೆಯುವಾಗ ಅವು ಸವೆಯುತ್ತವೆ. ಹುಲ್ಲಿನಲ್ಲಿ ಸಿಲಿಕಾ ಇರುತ್ತೆ, ಉಜ್ಜುಕಾಗದ ಇದ್ದ ಹಾಗೆ. ಚಪಾತಿ, ಬಿಸ್ಕತ್ತು ಅರೆಯಬೇಕಾಗಿಲ್ಲ, ಜಗಿದು ನುಂಗಿದರೆ ಆಯ್ತು. ನಮ್ಮ ಚುರ್ಮುರಿಯ ಮುಂದಿನ ಹಲ್ಲು ಚೆನ್ನಾಗೇ ಇದ್ದವು, ನಾವು ನೋಡ್ತಿದ್ದದ್ದು ಅವನ್ನೇ. ದವಡೆ ಹಲ್ಲು ಓರೆಯಾಗಿ ಬೆಳೆದು ಮುಳ್ಳಿನಂತೆ ನಾಲಿಗೆಗೆ ಚುಚ್ಚುತ್ತಿದ್ದವು, ಅವು ಉಪಕರಣ ಹಾಕಿ ನೋಡದೆ ಕಾಣಲ್ಲ. ಹುಲ್ಲು ಬಿಟ್ಟು ಚಪಾತಿಗೆ ಓಡಿ ಬಂದದ್ದು ಹಟಕ್ಕಲ್ಲ, ನೋವಿಗೆ. ಒದ್ದೆ ಗದ್ದ ನೀರಲ್ಲ, ಜೊಲ್ಲು. ಡಾಕ್ಟರು ಮೊದಲು ಸಲೈನ್, ನೋವಿನ ಔಷಧಿ ಕೊಟ್ಟು ಹೊಟ್ಟೆ ಸರಿ ಮಾಡಿದರು. ಆಮೇಲೆ ಅರಿವಳಿಕೆ ಕೊಟ್ಟು ಹಲ್ಲು ಉಜ್ಜಿದರು. ಮೊದಲ ಹಿಕ್ಕೆ ಬಿದ್ದಾಗ ತಂಗಿ ಅತ್ತಳು, ನಾವು ಅದರ ಫೋಟೋ ರೂಮಿನ ಗ್ರೂಪ್‌ಗೆ ಹಾಕಿದೆವು.

ಏನು ತಿನ್ನಿಸ್ತಿದ್ದೆವು ಅಂತ ಹೇಳೋಕೆ ಈಗ ನಾಚಿಕೆ. ಚಪಾತಿ, ರೊಟ್ಟಿ ಚೂರು, ಬಾಳೆಹಣ್ಣು, ಕಾರ್ಟೂನ್ ನೋಡಿ ಕಲಿತ ಗಜ್ಜರಿ. ಗಜ್ಜರಿ ಮೊಲಕ್ಕೆ ಮಿಠಾಯಿ ಲೆಕ್ಕ, ಸಣ್ಣ ಚೂರು ಸಾಕು. ಊಟದ ಶೇ. 80ಕ್ಕಿಂತ ಹೆಚ್ಚು ಹುಲ್ಲೇ ಇರಬೇಕು. ಆನ್‌ಲೈನ್ ಹುಲ್ಲಿನ ಪ್ಯಾಕೆಟ್ ದುಬಾರಿ, ನಮ್ಮಲ್ಲಿ ಕರಕಿ ಪುಕ್ಕಟೆ ಸಿಗುತ್ತೆ. ಹಸಿದೂ ಕೊಡಬಹುದು, ನೆರಳಲ್ಲಿ ಒಣಗಿಸಿಯೂ ಇಡಬಹುದು. ಆದರೆ ತೊಗರಿ, ಸೋಯಾ ಹೊಲದ ಬದುವಿನಿಂದ ತರುವಾಗ ಎಣ್ಣೆ ಹೊಡೆದಿದ್ದಾರಾ ಅಂತ ಕೇಳಿಯೇ ತರಬೇಕು. ದನಕ್ಕೆ ಹಾಕುವ ಕುದುರೆ ಮಸಾಲೆ ಸೊಪ್ಪು ಮರಿಗಳಿಗೆ ಸರಿ, ದೊಡ್ಡ ಮೊಲಕ್ಕೆ ದಿನಾ ಬೇಡ. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮೊಲ ಹೆಚ್ಚಾದ ಕ್ಯಾಲ್ಸಿಯಂ ಅನ್ನ ಮೂತ್ರದಲ್ಲೇ ಹೊರಹಾಕಬೇಕು. ಕೊತ್ತಂಬರಿ ಸ್ವಲ್ಪ ಸ್ವಲ್ಪ ಕೊಡಬಹುದು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಅವುಗಳ ಸೊಪ್ಪು ಸುತರಾಂ ಕೂಡದು. ಪೆಲೆಟ್ ಕೊಡೋದಾದರೆ ಕೆಜಿ ತೂಕಕ್ಕೆ ದಿನಕ್ಕೆ 25 ಗ್ರಾಂ ಒಳಗೆ.

ಔಷಧಿ ವಿಷಯ ಇನ್ನೂ ಮುಖ್ಯ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಸೀಕಮ್‌ನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೂ ಸಾಯಬಹುದು. ನಾಯಿಯ ಉಣ್ಣೆಗೆ ಹೊಡೆಯುವ ಫಿಪ್ರೋನಿಲ್ ಸ್ಪ್ರೇ ಮೊಲಕ್ಕೆ ವಿಷ. ಹೊಟ್ಟೆ ಉಬ್ಬಿದ್ದರೆ ಡಾಕ್ಟರು ನೋಡುವ ಮುಂಚೆ ಸಿರಿಂಜ್‌ನಲ್ಲಿ ಒತ್ತಾಯವಾಗಿ ತಿನ್ನಿಸಬಾರದು.

"ಮೊಲದ ಸರಿಯಾದ ತೂಕ ಎಷ್ಟು?" ಅಂತ ರೂಮಿಗೆ ಬಂದವರೆಲ್ಲ ಕೇಳ್ತಾರೆ. ಉತ್ತರ ತಳಿ ಮೇಲೆ ಹೋಗುತ್ತೆ. ಡಚ್ ತಳಿ 2 ಕೆಜಿ ಚಿಲ್ಲರೆ, ಕೆಂಪು ಕಣ್ಣಿನ ನ್ಯೂಜಿಲೆಂಡ್ ವೈಟ್ 4ರಿಂದ 5 ಕೆಜಿ. ಮಿಶ್ರ ತಳಿಗೆ ಚಾರ್ಟ್ ಹುಡುಕಿ ಪ್ರಯೋಜನ ಇಲ್ಲ, ಅದರದ್ದೇ ಹಳೇ ತೂಕದ ಜೊತೆ ಹೋಲಿಸಬೇಕು. ಜೊತೆಗೆ ಕೈಯಿಂದ ನೋಡಬೇಕು. ಬೆನ್ನುಮೂಳೆ ಮೇಲೆ ಬೆರಳಾಡಿಸಿದಾಗ ಮೂಳೆ ಮೆತ್ತಗೆ ಗುಂಡಗೆ ಸಿಕ್ಕರೆ ಸರಿ, ಒಂದೊಂದೂ ಚೂಪಾಗಿ ತಾಗಿದರೆ ಸೊರಗಿದೆ, ಹುಡುಕಿದರೂ ಸಿಗದಿದ್ದರೆ ಬೊಜ್ಜು. ದಪ್ಪ ಕೂದಲಿನಿಂದ ಕಣ್ಣಿಗೆ ಇದೇನೂ ಕಾಣಲ್ಲ. ಹಾಗಂತ ಹೊಲದಲ್ಲಿ ಸಿಕ್ಕ ಮೊಲವನ್ನ ಹಿಡಿದು ತಂದು ಇದನ್ನೆಲ್ಲ ಮಾಡೋಕೆ ಹೋಗಬೇಡಿ. ಅದು ಬೇರೆಯೇ ಪ್ರಾಣಿ, ಅದರ ಮರಿ ಹುಟ್ಟುವಾಗಲೇ ಕೂದಲಿದ್ದು ಕಣ್ಣು ಬಿಟ್ಟಿರುತ್ತೆ, ಸಾಕುಮೊಲದ ಮರಿ ಬರೀ ಮೈಯಲ್ಲಿ ಕಣ್ಣು ಮುಚ್ಚಿಕೊಂಡು ಹುಟ್ಟುತ್ತೆ. ಹೊಲದ ಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಈಗ ಗೂಡಿನ ಹತ್ತಿರ ಒಂದು ನೋಟ್‌ಬುಕ್ ತೂಗುಹಾಕಿದ್ದೇವೆ. ದಿನಾ ತಂಗಿ ಬರೆಯೋದು: ಹಿಕ್ಕೆ ಎಷ್ಟು ಮುಷ್ಟಿ, ಗಾತ್ರ ಹೇಗೆ, ರಾತ್ರಿ ಇಟ್ಟ ಹುಲ್ಲಿನಲ್ಲಿ ಎಷ್ಟು ಉಳಿದಿದೆ. ರವಿವಾರ ಬೆಳಿಗ್ಗೆ 7ಕ್ಕೆ, ಮೇವು ಹಾಕುವ ಮುಂಚೆ, ನಾವು ತೂಗೋದು. ಹೊಟ್ಟೆ ತುಂಬಿದಾಗ ಮತ್ತು ಖಾಲಿ ಇದ್ದಾಗ 50 ಗ್ರಾಂ ತನಕ ವ್ಯತ್ಯಾಸ ಕಂಡಿದ್ದೇವೆ, ಅದಕ್ಕೇ ಟೈಮ್ ಒಂದೇ ಇರಬೇಕು. ಮೂವರೂ ದುಡ್ಡು ಹಾಕಿ ಅಡುಗೆಮನೆಯ 10 ಕೆಜಿ ಡಿಜಿಟಲ್ ಕಾಟಾ ತಂದಿದ್ದೇವೆ, ಲೀಸ್ಟ್ ಕೌಂಟ್ 1 ಗ್ರಾಂ. ಪ್ಲಾಸ್ಟಿಕ್ ಬುಟ್ಟಿ ಇಟ್ಟು ಸೊನ್ನೆ ಮಾಡಿ, ಮೊಲ ಕೂರಿಸಿ, ಮೂರು ರೀಡಿಂಗ್, ಸರಾಸರಿ. ಶೇ. 3 ಇಳಿದರೆ ಮರುದಿನ ಮತ್ತೆ ತೂಗೋದು, ಶೇ. 5 ಇಳಿದರೆ ಡಾಕ್ಟರಿಗೆ ಫೋನ್. ಹಿಕ್ಕೆ ನಿಂತರೆ ಕಾಟಾ ಕಡೆ ನೋಡೋದೇ ಇಲ್ಲ, ಸೀದಾ ಬಸ್ ಸ್ಟ್ಯಾಂಡ್.

ಹೋದ ರವಿವಾರದ ರೀಡಿಂಗ್‌ಗಳು 1782, 1790, 1786. ಕರಕಿ ತಿಂತಿದೆ, ಗದ್ದ ಒಣಗಿದೆ. ದವಡೆ ಹಲ್ಲು ಮತ್ತೆ ಓರೆ ಬೆಳೆಯುವ ಸಾಧ್ಯತೆ ಇದೆಯಂತೆ, ಆರು ವಾರಕ್ಕೆ ತೋರಿಸೋಕೆ ಹೇಳಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಆ ತಾರೀಕು ಸರಿಯಾಗಿ ಎರಡನೇ ಇಂಟರ್ನಲ್ಸ್ ದಿನವೇ ಬರುತ್ತೆ. ಯಾರು ಹೋಗೋದು ಅಂತ ಚೀಟಿ ಎತ್ತಿ ಆಗಿದೆ.