ಮೂಳೆ ಸವೆತದ ಅಪಾಯ ಹೇಳುವ ಪರೀಕ್ಷೆ: ಪೇಟೆಂಟ್ ಪಡೆಯುವುದು ಹೇಗೆ?

ವಯಸ್ಸಾದವರ ಮೂಳೆ ಮುರಿಯುವ ಮುನ್ನವೇ ಅಪಾಯ ಗುರುತಿಸುವ ಉಪಾಯವೊಂದು ಕೊಪ್ಪಳದ ವೈದ್ಯರಿಗೋ ಗಂಗಾವತಿಯ ವಿದ್ಯಾರ್ಥಿಗೋ ಹೊಳೆಯಿತೆನ್ನಿ. ಮೊದಲ ಕೆಲಸ, ಗುಟ್ಟು ಕಾಯುವುದು. ಪ್ರಬಂಧ ಪ್ರಕಟಿಸಿ ಆಮೇಲೆ ಅರ್ಜಿ ಹಾಕಿದರೆ ಹೊಸತನದ ಹಕ್ಕೇ ಕೈತಪ್ಪಬಹುದು.

ನಂತರ ಹಳೆಯದನ್ನು ಹುಡುಕಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಮೂಳೆ ಸವೆತ ಎಂಬ ಅಳತೆಗೋಲು ಎಲ್ಲರಿಗೂ ಗೊತ್ತು. ಮುಂದಿನ 10 ವರ್ಷಗಳಲ್ಲಿ ಮೂಳೆ ಮುರಿಯುವ ಸಾಧ್ಯತೆ ಲೆಕ್ಕ ಹಾಕುವ ಫ್ರ್ಯಾಕ್ಸ್ 2008ರಿಂದಲೇ ಬಳಕೆಯಲ್ಲಿದೆ. ನಿಮ್ಮದು ಇವಕ್ಕಿಂತ ಬೇರೆ ಹೇಗೆ?

ನಮ್ಮ ಜಿಲ್ಲೆಯವರು ಇಲ್ಲಿ ಗಟ್ಟಿಯಾದ ಉತ್ತರ ಕೊಡಬಲ್ಲರು. ಕುಷ್ಟಗಿ, ಯಲಬುರ್ಗಾ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟ ಹಳೆಯದು. ಫ್ಲೋರೈಡ್ ಸೇರಿದ ಬೆನ್ನುಮೂಳೆ ಸ್ಕ್ಯಾನ್‌ನಲ್ಲಿ ದಟ್ಟವಾಗಿ ಕಂಡರೂ ಪೆಡಸಾಗಿರಬಹುದು. ಅಪಾಯವಿದ್ದವರಿಗೂ ‘ಎಲ್ಲ ಸರಿ’ ಎಂಬ ವರದಿ ಸಿಗಬಹುದು. ಈ ತಪ್ಪನ್ನು ಸರಿಪಡಿಸುವ ಉಪಕರಣ ಇಲ್ಲಿನ ಹಿರಿಯರಿಗೆ ನಿಜಕ್ಕೂ ಬೇಕು. ಆದರೆ ಜನರ ರಕ್ತ, ಸ್ಕ್ಯಾನ್ ಮುಟ್ಟುವ ಮೊದಲು ನೈತಿಕ ಸಮಿತಿಯ ಅನುಮತಿ, ಅವರ ಲಿಖಿತ ಒಪ್ಪಿಗೆ ಇರಲೇಬೇಕು.

ಕಾನೂನಿನ ತೊಡಕು ಇನ್ನು ಮುಂದಿದೆ. 1970ರ ಪೇಟೆಂಟ್ ಕಾಯ್ದೆಯ ಕಲಂ 3(ಐ) ಮನುಷ್ಯರ ರೋಗಪತ್ತೆ ವಿಧಾನಕ್ಕೆ ಪೇಟೆಂಟ್ ನಿರಾಕರಿಸುತ್ತದೆ. 3(ಕೆ) ಬರೀ ಗಣಿತಸೂತ್ರ, ಅಲ್ಗಾರಿದಂಗಳಿಗೆ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುವುದರಿಂದ ಮದ್ರಾಸ್ ಹೈಕೋರ್ಟಿನ ಮಾತು ನಮಗೆ ಮುಖ್ಯ. ಹಾಂಗ್‌ಕಾಂಗ್‌ನ ಚೈನೀಸ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 2023ರಲ್ಲಿ ಅದು ಹೇಳಿದ್ದಿಷ್ಟು: ಪರೀಕ್ಷೆ ದೇಹದ ಹೊರಗೆ ನಡೆದ ಮಾತ್ರಕ್ಕೆ ನಿರ್ಬಂಧ ತಪ್ಪದು, ಆ ವಿಧಾನದಿಂದಲೇ ಚಿಕಿತ್ಸೆಗೆ ಬೇಕಾದ ರೋಗನಿರ್ಣಯ ಸಾಧ್ಯವೇ ಎಂದು ನೋಡಬೇಕು. ಹಾಗಾಗಿ ನನ್ನ ಸಲಹೆ: ಕಿಟ್, ಸೆನ್ಸರ್, ಉಪಕರಣದ ಮೇಲೆ ಹಕ್ಕು ಕೇಳಿ. ಪರೀಕ್ಷೆ ಅಪಾಯವನ್ನಷ್ಟೇ ತಿಳಿಸುತ್ತದೆ, ರೋಗ ನಿರ್ಣಯಕ್ಕೆ ಬೇರೆ ತಪಾಸಣೆ ಬೇಕು ಎಂದಾದರೆ ಅದನ್ನು ವಿವರಣೆಯಲ್ಲೇ ಬಿಡಿಸಿ ಬರೆಯಿರಿ.

ಕೆಲಸ ಇನ್ನೂ ಅರ್ಧವಾಗಿದ್ದರೆ ತಾತ್ಕಾಲಿಕ ಅರ್ಜಿ ಹಾಕಿ ದಿನಾಂಕ ಕಾಯ್ದಿರಿಸಿಕೊಳ್ಳಿ. 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಬೇಕು. ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ. ಪರಿಶೀಲನೆ ತಾನಾಗಿ ಶುರುವಾಗದು: ನಮೂನೆ 18ರಲ್ಲಿ 4,000 ರೂಪಾಯಿ ಕಟ್ಟಿ ಕೋರಬೇಕು. 2024ರ ತಿದ್ದುಪಡಿಯ ನಂತರ ಅದಕ್ಕೆ 31 ತಿಂಗಳ ಗಡುವು. ಅರ್ಜಿದಾರರಲ್ಲಿ ಮಹಿಳೆಯಿದ್ದರೆ ನಮೂನೆ 18ಎ ಮೂಲಕ ತ್ವರಿತ ಪರಿಶೀಲನೆ ಕೇಳಬಹುದು. ಮಾರ್ಗದರ್ಶನಕ್ಕೆ ಬೆಂಗಳೂರಿನ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಮೊದಲ ಪರಿಶೀಲನಾ ವರದಿಯಲ್ಲಿ ಕಲಂ 3(ಐ) ಆಕ್ಷೇಪ ಬಂದರೆ ಗಾಬರಿ ಬೇಡ. ಉತ್ತರಿಸಲು 6 ತಿಂಗಳು ಸಿಗುತ್ತವೆ.