ನೆತ್ತಿ ಕಾಣತೊಡಗಿದ ಅಳಿಯನಿಗೆ



ಕೂದಲಿಗೆ ಔಷಧಿ ಮಾಡಿಸಲೋ ಬೇಡವೋ ಎಂದು ಕೇಳಿದ್ದೀಯ. ನಿನ್ನಂತೆ ನಲವತ್ತು ದಾಟಿದವರು ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಬೇಕಾದಷ್ಟಿದ್ದಾರೆ. ಬಾಯಿಬಿಟ್ಟು ಕೇಳಲು ನಾಚಿಕೆ, ಅಷ್ಟೆ. ಹಾಗಾಗಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಬೋಳು ತಾಯಿ ಕಡೆಯಿಂದ ಬರುತ್ತದೆ ಎಂದು ನಿನ್ನ ಹೆಂಡತಿ ಸೋದರಮಾವನಾದ ನನ್ನ ತಲೆ ನೋಡಿ ನಕ್ಕದ್ದು ಅರ್ಧ ಸರಿ. ಇದರ ಮುಖ್ಯ ಜೀನ್ ಒಂದು ಎಕ್ಸ್ ವರ್ಣತಂತುವಿನಲ್ಲಿದೆ, ಗಂಡುಮಕ್ಕಳಿಗೆ ಅದು ಅಮ್ಮನಿಂದಲೇ ಬರುವುದು. ಉಳಿದರ್ಧಕ್ಕೆ ನಿನ್ನಪ್ಪನ ಕಡೆಯವರನ್ನೂ ಸೇರಿಸಿಕೊಳ್ಳಲು ಹೇಳು.

ಆದರೆ ಉದುರುವುದೆಲ್ಲ ವಂಶದ್ದಲ್ಲ. ಡೆಂಗಿಯಂಥ ಜೋರು ಜ್ವರ ಬಂದುಹೋದ ಎರಡು-ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬರುವುದುಂಟು. ಅದು ಸಾಮಾನ್ಯವಾಗಿ ತಾನಾಗಿ ಮತ್ತೆ ಹುಟ್ಟುತ್ತದೆ. ಥೈರಾಯ್ಡ್ ಏರುಪೇರಿಗೂ ಉದುರುತ್ತದೆ. ದುಂಡಗೆ ಬಿಲ್ಲೆಯಗಲ ಖಾಲಿಯಾದರೆ ಅದು ಬೇರೆ ಕಾಯಿಲೆ. ಹಣೆಯ ಎರಡು ಮೂಲೆ ಹಿಂದೆ ಸರಿದು ನೆತ್ತಿ ತೆಳುವಾಗುತ್ತ ಬಂದರೆ ನಮ್ಮ ಮನೆತನದ್ದು. ಮೊದಲು ಚರ್ಮದ ಡಾಕ್ಟರಿಗೆ ತೋರಿಸು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಆ ವಿಭಾಗವಿದೆ.

ಮತ್ತಿ ಸೊಪ್ಪು, ದಾಸವಾಳದ ಸೊಪ್ಪು ಕಿವುಚಿದ ಲೋಳೆ ಇದ್ದ ಕೂದಲನ್ನು ನುಣುಪು ಮಾಡುತ್ತದೆ, ಹೋದದ್ದನ್ನು ತರುವುದಿಲ್ಲ. ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನರ ಎಣ್ಣೆ ಈಗ ದೇಶವೆಲ್ಲ ಸುತ್ತುತ್ತಿದೆ. ಅವರ ಕೈಗೆ ನಾಲ್ಕು ಕಾಸು ಬಂದರೆ ನನಗೆ ಸಂತೋಷವೇ. ಬೋಳು ನೆತ್ತಿಯಲ್ಲಿ ಅದು ಕೂದಲು ಬೆಳೆಸುತ್ತದೆ ಎನ್ನುವುದಕ್ಕೆ ಮಾತ್ರ ಪುರಾವೆಯಿಲ್ಲ.

ಪುರಾವೆ ಇರುವ ಔಷಧಿಗಳಲ್ಲಿ ಮುಖ್ಯವಾದವು ಎರಡು. ಮಿನಾಕ್ಸಿಡಿಲ್ ಮೂಲತಃ ಬಿಪಿ ಮಾತ್ರೆ. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬಂದದ್ದು ಕಂಡು ತಲೆಗೆ ಹಚ್ಚುವ ದ್ರವ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಫಿನಾಸ್ಟರೈಡ್ ಪ್ರಾಸ್ಟೇಟ್ ಗ್ರಂಥಿಯ ಮಾತ್ರೆ, 1997ರಲ್ಲಿ 1 ಮಿಲಿಗ್ರಾಂ ಲೆಕ್ಕದಲ್ಲಿ ಕೂದಲಿಗೂ ಬಂತು. ಎರಡೂ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಹಾಗೆ. ಗೊನೆಯಲ್ಲಿರುವ ಕಾಯಿ ಉಳಿದೀತು, ನೆಲಕ್ಕೆ ಬಿದ್ದದ್ದೆಲ್ಲ ಮೇಲೆ ಹತ್ತದು. ಹೋದ ವರ್ಷ ಹೊಡೆದಿದ್ದೇನೆಂದು ಈ ವರ್ಷ ಸುಮ್ಮನೆ ಕೂರುವಂತಿಲ್ಲ. ಔಷಧಿ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ.

ಮಿನಾಕ್ಸಿಡಿಲ್ ಹಚ್ಚಿದ ಮೊದಲ ವಾರಗಳಲ್ಲಿ ಇನ್ನಷ್ಟು ಉದುರುವುದುಂಟು, ಗಾಬರಿಯಾಗಬೇಡ. ಗುಣ ಕಾಣಲು ನಾಲ್ಕಾರು ತಿಂಗಳು ಬೇಕು. ನಿಮ್ಮನೆ ಬೆಕ್ಕು ನಿನ್ನ ದಿಂಬಿನ ಮೇಲೇ ಮಲಗುತ್ತದಲ್ಲ, ಆ ದ್ರವ ಬೆಕ್ಕಿಗೆ ವಿಷ, ತುಸು ನೆಕ್ಕಿದರೂ ಜೀವಕ್ಕೆ ಅಪಾಯ. ಫಿನಾಸ್ಟರೈಡ್ ಕೆಲವರಿಗೆ ಕಾಮಾಸಕ್ತಿ ಕುಗ್ಗಿಸುತ್ತದೆ, ಮನಸ್ಸನ್ನೂ ಮಂಕು ಮಾಡಬಹುದು. ಹೆಂಡತಿಗೆ ಹೇಳದೆ ಶುರು ಮಾಡಬೇಡ. ಮುಂದೆ ಪ್ರಾಸ್ಟೇಟಿನ ಪಿಎಸ್ಎ ಪರೀಕ್ಷೆ ಮಾಡಿಸುವಾಗ ಈ ಮಾತ್ರೆಯ ವಿಷಯ ಡಾಕ್ಟರಿಗೆ ತಿಳಿಸಲೇಬೇಕು. ಅದು ಆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸಿಬಿಡುತ್ತದೆ.

ಅಡಿಕೆಗೆ ದರ ಬಂದ ವರ್ಷ ಬೆಂಗಳೂರಿಗೆ ಹೋಗಿ ಕೂದಲು ನೆಡಿಸಿಕೊಂಡು ಬರುವವರೂ ಇದ್ದಾರೆ. ಹಿಂದಲೆಯ ಕೂದಲನ್ನೇ ಬುಡಸಮೇತ ಕಿತ್ತು ಮುಂದೆ ಊರುವ ಕೆಲಸ ಅದು; ನೆಟ್ಟದ್ದರ ಸುತ್ತಲಿನದು ಉದುರುತ್ತಲೇ ಇರುತ್ತದೆ, ಔಷಧಿ ತಪ್ಪುವುದಿಲ್ಲ. ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಸಾಲದ ಕಂತಿನ ಮೇಲೆ ಮಾಡಿಸುವುದಂತೂ ನನಗೆ ಒಪ್ಪಿಗೆಯಿಲ್ಲ.

ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ಸಿನಿಮಾದ ಬೋಳುತಲೆಯ ಮೇಷ್ಟ್ರಿಗೆ ಮದುವೆಯ ಚಿಂತೆಯಿತ್ತು. ನಿನಗೆ ಇಬ್ಬರು ಮಕ್ಕಳು. ಆದರೂ ದಿನಾ ಕನ್ನಡಿ ಮುಂದೆ ಮನಸ್ಸು ಕುಗ್ಗುತ್ತಿದೆಯಾದರೆ ಔಷಧಿ ಶುರು ಮಾಡು. ಒಂದು ವರ್ಷ ಬಿಡದೆ ಹಚ್ಚಿ, ಆಮೇಲೆ ಲೆಕ್ಕ ಹಾಕು. ನಾನು ಹಚ್ಚಿದವನಲ್ಲ, ನೀನು ಹಚ್ಚಿದರೆ ನಗುವವನೂ ಅಲ್ಲ. ಮದುವೆ ಮನೆಯಲ್ಲಿ ಯಾರೋ ಏನೋ ಅಂದರೆಂಬುದಷ್ಟೇ ಕಾರಣವಾದರೆ ಬಿಟ್ಟುಬಿಡು. ಹಾಗೆ ಬಿಡುವುದಾದರೆ, ಕಿವಿಯ ಮೇಲಿನ ನಾಲ್ಕೆಳೆ ಉದ್ದ ಬೆಳೆಸಿ ಅಡ್ಡ ಬಾಚುವುದನ್ನೂ ಬಿಡು. ಮಳೆಗಾಲದ ಗಾಳಿಗೆ ಅದು ಎದ್ದು ನಿಲ್ಲುವುದು ನಿನ್ನೊಬ್ಬನಿಗೆ ಕಾಣುವುದಿಲ್ಲ. ಸಣ್ಣಗೆ ಕತ್ತರಿಸಿಕೋ. ಅಂಗಳದಲ್ಲಿ ಅಡಿಕೆ ಹರವುವಾಗ ತಲೆಗೊಂದು ಟೋಪಿ ಇರಲಿ. ಕೂದಲಿಲ್ಲದ ನೆತ್ತಿ ಬಿಸಿಲಿಗೆ ಬೇಗ ಸುಡುತ್ತದೆ.

ಇಂತಿ,
ನಿನ್ನ ಮಾವ